ಹರ್ಡ್ ಮ್ಯೂಸಿಯಂನ ಮಾರ್ಚ್ ಸಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫೀನಿಕ್ಸ್, ಚಾಂಡ್ಲರ್, ಟೆಂಪಿ, ಗಿಲ್ಬರ್ಟ್ ಕಡೆಯ ಕನ್ನಡದ ಮನೆಗಳಲ್ಲಿ ಫೆಬ್ರವರಿ ಮುಗಿಯುತ್ತ ಬಂದಂತೆ ಈ ಸಂತೆಯ ಮಾತು ಬರುತ್ತದೆ. ಗೆಳೆಯರು, ಚಳಿಗಾಲಕ್ಕೆಂದು ಮಕ್ಕಳ ಮನೆಗೆ ಬಂದ ಹಿರಿಯರು, ಬೇರೆ ರಾಜ್ಯದಿಂದ ಪ್ರವಾಸ ಬರುವವರು ಎಲ್ಲರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಟಿಕೆಟ್ ದರ ಮತ್ತು ಬಾಗಿಲು ತೆರೆಯುವ ಸಮಯ ವರ್ಷ ವರ್ಷವೂ ಬದಲಾಗುತ್ತವೆ, ಅವನ್ನು ಮ್ಯೂಸಿಯಂನ ಜಾಲತಾಣದಲ್ಲೇ ನೋಡಿಕೊಳ್ಳಿ.

ಏನಿದು ಸಂತೆ? ಎಲ್ಲಿ, ಯಾವಾಗ ನಡೆಯುತ್ತದೆ?

ಅಮೆರಿಕದ ಅರಿಜೋನಾ ರಾಜ್ಯದ ರಾಜಧಾನಿ ಫೀನಿಕ್ಸ್. ಅಲ್ಲಿನ ಸೆಂಟ್ರಲ್ ಅವೆನ್ಯೂನಲ್ಲಿರುವ ಹರ್ಡ್ ಮ್ಯೂಸಿಯಂ ಅಮೆರಿಕದ ಮೂಲನಿವಾಸಿಗಳ ಕಲೆಗೇ ಮೀಸಲಾದದ್ದು. ಪ್ರತಿ ಮಾರ್ಚ್ ತಿಂಗಳ ಮೊದಲ ಶನಿವಾರ, ಭಾನುವಾರ ಅದರ ಅಂಗಳ ಮತ್ತು ಹುಲ್ಲುಹಾಸಿನ ಮೇಲೆ ಡೇರೆಗಳು ಏಳುತ್ತವೆ. ಸುಮಾರು 600 ಕಲಾವಿದರು ತಾವೇ ಮಾಡಿದ ಬೆಳ್ಳಿ, ಮಣ್ಣು, ಉಣ್ಣೆ, ಮರ, ನಾರಿನ ಕೆಲಸಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಸಂತೆ ಶುರುವಾದದ್ದು 1958ರಲ್ಲಿ. 2021ರಲ್ಲಿ ಕೋವಿಡ್‌ನಿಂದಾಗಿ ಆನ್‌ಲೈನ್‌ನಲ್ಲಿ ನಡೆಯಿತು.

ಇದರ ಅಧಿಕೃತ ಹೆಸರು ‘ಹರ್ಡ್ ಮ್ಯೂಸಿಯಂ ಗಿಲ್ಡ್ ಇಂಡಿಯನ್ ಫೇರ್ ಅಂಡ್ ಮಾರ್ಕೆಟ್’. ಅದರಲ್ಲಿನ ‘ಇಂಡಿಯನ್’ ಈ ನೆಲದ ಮೂಲನಿವಾಸಿಗಳನ್ನು ಕುರಿತದ್ದು. ಮಾತಾಡುವಾಗ ನವಾಹೊ, ಹೋಪಿ, ಝೂನಿ, ತೊಹೊನೊ ಓಧಮ್ ಎಂದು ಅವರವರ ಜನಾಂಗದ ಹೆಸರು ಹಿಡಿದು ಹೇಳುವುದೇ ಚೆಂದ. ಅರಿಜೋನಾ ಒಂದರಲ್ಲೇ ಕೇಂದ್ರ ಸರ್ಕಾರದ ಮಾನ್ಯತೆ ಪಡೆದ 22 ಬುಡಕಟ್ಟು ರಾಷ್ಟ್ರಗಳಿವೆ. ಒಬ್ಬರ ಭಾಷೆ, ದೇವರು, ಕುಸುರಿ ಇನ್ನೊಬ್ಬರದಲ್ಲ.

ನಡೆಸುವವರು ಯಾರು?

ಮ್ಯೂಸಿಯಂನ ಸ್ವಯಂಸೇವಕರ ಬಳಗವಾದ ಗಿಲ್ಡ್. ಅದು ಹುಟ್ಟಿದ್ದು 1956ರಲ್ಲಿ. ಮ್ಯೂಸಿಯಂ ಅದಕ್ಕಿಂತ ಹಳೆಯದು. ಡ್ವೈಟ್ ಮತ್ತು ಮೇ ಹರ್ಡ್ ದಂಪತಿ ತಮ್ಮ ಸಂಗ್ರಹ ಮನೆ ತುಂಬಿದ ಮೇಲೆ ಪಕ್ಕದಲ್ಲೇ ಕಟ್ಟಿಸಿದ ಈ ಸಂಸ್ಥೆ 1929ರಲ್ಲಿ ತೆರೆಯಿತು. ಅದೇ ವರ್ಷ, ಬಾಗಿಲು ತೆರೆಯುವ ಮೊದಲೇ ಡ್ವೈಟ್ ತೀರಿಕೊಂಡಿದ್ದರು. ಪತ್ನಿ ಮೇ ಮುಂದೆ ದಶಕಗಳ ಕಾಲ ಅದನ್ನು ಬೆಳೆಸಿದರು. ಸಂತೆಯ ದಿನ ದಾರಿ ತೋರಿಸುವವರು, ಟಿಕೆಟ್ ನೋಡುವವರು, ಕಲಾವಿದರು ಊಟಕ್ಕೆ ಹೋದಾಗ ಅವರ ಮಳಿಗೆ ಕಾಯುವವರು ಬಹುಪಾಲು ಈ ಗಿಲ್ಡ್‌ನವರೇ.

ಮ್ಯೂಸಿಯಂಗೆ ಸಂತೆ ನಡೆಸುವ ಉಸಾಬರಿ ಯಾಕೆ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಗಾಜಿನ ಪೆಟ್ಟಿಗೆಯೊಳಗಿನ ಮಡಕೆಯ ಪಕ್ಕದ ಚೀಟಿ ಯಾವ ಕಾಲದ್ದು, ಯಾವ ಊರಿನದು ಎಂದಷ್ಟೇ ಹೇಳುತ್ತದೆ. ಮಾಡಿದವರ ಹೆಸರನ್ನು ಬರೆದಿಡುವ ಗೋಜಿಗೆ ಹಳೆಯ ಸಂಗ್ರಾಹಕರು ಹೆಚ್ಚು ಸಲ ಹೋಗಲೇ ಇಲ್ಲ. ಹೊರಗಿನ ಡೇರೆಯಲ್ಲಾದರೋ ಅದೇ ಕುಲದ ಮೊಮ್ಮಗಳು ಅದೇ ಬಗೆಯ ಮಡಕೆಯನ್ನು ಕೈಯಲ್ಲಿ ಹಿಡಿದು, ಮಣ್ಣು ಎಲ್ಲಿಂದ ತಂದೆ, ಗೆರೆ ಯಾಕೆ ಹೀಗೆ ಎಳೆದೆ ಎಂದು ಹೇಳುತ್ತಾಳೆ. ಒಳಗಿರುವುದು ಮುಗಿದುಹೋದ ಕಾಲದ್ದಲ್ಲ ಎಂದು ನೋಡುಗರಿಗೆ ಆಗ ಹೊಳೆಯುತ್ತದೆ.

ಈ ಪದ್ಧತಿ ಹರ್ಡ್‌ನಲ್ಲೇ ಹುಟ್ಟಿದ್ದೂ ಅಲ್ಲ. ಪಕ್ಕದ ನ್ಯೂ ಮೆಕ್ಸಿಕೊದ ಸಾಂತಾ ಫೆಯಲ್ಲಿ ಈಗ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಬೃಹತ್ ಸಂತೆಯ ಬೇರು 1922ರಲ್ಲಿ ಅಲ್ಲಿನ ಮ್ಯೂಸಿಯಂನವರು ಶುರುಮಾಡಿದ ಪ್ರದರ್ಶನದಲ್ಲಿದೆ. ಫ್ಲಾಗ್‌ಸ್ಟಾಫ್‌ನ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಜೋನಾ 1930ರಲ್ಲಿ ಹೋಪಿ ಕುಶಲಕರ್ಮಿಗಳ ವಾರ್ಷಿಕ ಪ್ರದರ್ಶನ ಆರಂಭಿಸಿತು. ರೈಲಿನಲ್ಲಿ ಬರುವ ಪ್ರವಾಸಿಗರಿಗೆಂದು ಅಗ್ಗದ ಆಟಿಕೆಯಂಥ ಸಾಮಾನು ಮಾಡುವ ಒತ್ತಡ ಆಗ ಕಲಾವಿದರ ಮೇಲಿತ್ತು. ಒಳ್ಳೆಯ ಕೆಲಸಕ್ಕೆ ಒಳ್ಳೆಯ ಬೆಲೆ ಕೊಡಿಸಬೇಕೆಂಬುದು ಮ್ಯೂಸಿಯಂಗಳ ಆಸೆ. ಆಸೆ ಒಳ್ಳೆಯದೇ. ಆದರೆ ಯಾವುದು ‘ಶುದ್ಧ’, ಯಾವುದು ಅಲ್ಲ ಎಂಬ ತೀರ್ಪನ್ನು ಬಹುಕಾಲ ಹೊರಗಿನ ತಜ್ಞರೇ ಕೊಟ್ಟರು. ಬಹುಮಾನ ಬೇಕೆಂದರೆ ಅವರು ಮೆಚ್ಚುವ ಹಾಗೆ ಮಾಡಬೇಕಾಗಿತ್ತು. ಇವತ್ತು ಸಂತೆಯಲ್ಲಿ ಸಾಂಪ್ರದಾಯಿಕ ಬುಟ್ಟಿಯ ಪಕ್ಕದಲ್ಲೇ ಗಾಜಿನ ಶಿಲ್ಪವನ್ನೋ ಸೂಪರ್‌ಹೀರೊ ಚಿತ್ರ ಬರೆದ ಸ್ಕೇಟ್‌ಬೋರ್ಡನ್ನೋ ಕಂಡರೆ ಮುಖ ಸಿಂಡರಿಸಬೇಡಿ. ತಮ್ಮ ಕಲೆ ಎಂದರೇನು ಎಂದು ತಾವೇ ಹೇಳುವ ಹಕ್ಕನ್ನು ಕಲಾವಿದರು ಬಹಳ ಹೋರಾಡಿ ಪಡೆದುಕೊಂಡಿದ್ದಾರೆ.

ನಮ್ಮ ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ ಇಟ್ಟು ಒಂದು ಮಳಿಗೆ ಹಾಕಬಹುದೇ?

ಇಲ್ಲ. ಮಾನ್ಯತೆ ಪಡೆದ ಬುಡಕಟ್ಟಿನ ಸದಸ್ಯತ್ವವನ್ನು ದಾಖಲೆ ಸಮೇತ ತೋರಿಸಿದ ಕಲಾವಿದರಿಗೆ ಮಾತ್ರ ಇಲ್ಲಿ ಜಾಗ. ಅದರಲ್ಲೂ ಅರ್ಜಿ ಹಾಕಿದವರೆಲ್ಲರಿಗೂ ಸಿಗುವುದಿಲ್ಲ, ಕೆಲಸ ನೋಡಿ ಆಯ್ಕೆ ಮಾಡುತ್ತಾರೆ. ಮಾಡಿದವರೇ ಮಾರಬೇಕು, ಸಗಟು ವ್ಯಾಪಾರಿಗಳಿಗೆ ಪ್ರವೇಶವಿಲ್ಲ.

ಈ ಬಿಗಿಯ ಹಿಂದೆ ಒಂದು ಕಾನೂನೂ ಇದೆ. ಮೂಲನಿವಾಸಿ ಮಾಡದ ವಸ್ತುವನ್ನು ಮೂಲನಿವಾಸಿ ಮಾಡಿದ್ದೆಂದು ಮಾರುವುದು 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದ ವ್ಯಕ್ತಿಗೂ 2,50,000 ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗೆ, ಮೈಸೂರು ಸಾಂಪ್ರದಾಯಿಕ ಚಿತ್ರಕ್ಕೆ, ಬಿದರಿ ಕೆಲಸಕ್ಕೆ ಇರುವ ಭೌಗೋಳಿಕ ಗುರುತು ವಸ್ತುವನ್ನು ಒಂದು ಊರಿಗೆ ಕಟ್ಟುತ್ತದೆ. ಇಲ್ಲಿನ ಕಾಯ್ದೆ ವಸ್ತುವನ್ನು ಮಾಡಿದ ಮನುಷ್ಯನಿಗೆ, ಅವನ ಸಮುದಾಯಕ್ಕೆ ಕಟ್ಟುತ್ತದೆ. ನೆಲದಿಂದಲೇ ಒಕ್ಕಲೆಬ್ಬಿಸಲ್ಪಟ್ಟ ಜನರಿಗೆ ಊರಿನ ಹೆಸರೊಂದೇ ಕಾವಲಾಗಲಾರದು, ಹಾಗಾಗಿ ನನಗೆ ಇದು ಸರಿಯಾಗಿಯೇ ಕಾಣುತ್ತದೆ.

ಎಷ್ಟು ಹೊತ್ತು ಬೇಕು?

ಒಂದು ಪೂರ್ತಿ ದಿನ. ಎರಡೂ ದಿನ ಹೋಗುವವರು ಶನಿವಾರ ಬರೀ ನೋಡಿ, ಭಾನುವಾರ ಕೊಳ್ಳುವುದೂ ಉಂಟು. ಅಪಾಯವೆಂದರೆ ಕಣ್ಣಿಟ್ಟಿದ್ದು ಅಷ್ಟರಲ್ಲಿ ಮಾರಿಹೋಗಿರುತ್ತದೆ. ಇಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ.

ಬಹುಮಾನ ಪಡೆದ ಕೆಲಸಗಳನ್ನು ನೋಡಬಹುದೇ?

ನೋಡಬಹುದು. ಒಡವೆ, ಮಣ್ಣಿನ ಕೆಲಸ, ನೇಯ್ಗೆ, ಬುಟ್ಟಿ, ಮರದ ಕೆತ್ತನೆ, ಶಿಲ್ಪ, ಚಿತ್ರ ಹೀಗೆ ವಿಭಾಗವಾರು ಸ್ಪರ್ಧೆ ಇರುತ್ತದೆ. ಎಲ್ಲಕ್ಕೂ ಮೇಲಿನ ‘ಬೆಸ್ಟ್ ಆಫ್ ಶೋ’ ಪ್ರಶಸ್ತಿಯನ್ನು ಸಂತೆಯ ಹಿಂದಿನ ಸಂಜೆ ಪ್ರಕಟಿಸುತ್ತಾರೆ. ಆ ಸಂಜೆಗೆ ಬೇರೆ ಟಿಕೆಟ್. ಗೆದ್ದವರ ಮಳಿಗೆಯಲ್ಲಿ ರಿಬ್ಬನ್ ತೂಗುತ್ತಿರುತ್ತದೆ. ರಿಬ್ಬನ್ ಇಲ್ಲದ ಮಳಿಗೆಗಳನ್ನು ದಾಟಿಹೋಗಬೇಡಿ, ಸ್ಪರ್ಧೆಗೇ ಕೊಡದ ಎಷ್ಟೋ ಹಿರಿಯರಿದ್ದಾರೆ.

ನವಾಹೊ ಕಂಬಳಿಗೆ ಅಷ್ಟೊಂದು ಬೆಲೆ ಯಾಕೆ?

ಹಿರಿಯರು ಬೆಲೆಚೀಟಿ ತಿರುಗಿಸಿ ನೋಡಿ, ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, ಕೈ ಹಿಂದೆ ತೆಗೆದುಕೊಳ್ಳುವುದು ಇದೇ ಮಳಿಗೆಯಲ್ಲಿ. ಮಗ್ಗ ನೋಡಿದರೆ ಕಾರಣ ಗೊತ್ತಾಗುತ್ತದೆ. ನವಾಹೊಗಳು ತಮ್ಮನ್ನು ಡಿನೆ ಎಂದು ಕರೆದುಕೊಳ್ಳುತ್ತಾರೆ. ಅವರ ಮಗ್ಗ ನೆಟ್ಟಗೆ ನಿಂತದ್ದು, ನೇಯುವವರು ಎದುರು ಕೂತು ಕೆಳಗಿನಿಂದ ಮೇಲಕ್ಕೆ ನೇಯುತ್ತಾರೆ. ಲಾಳಿ ಹಾರಿಸುವ ಸೌಕರ್ಯವಿಲ್ಲ. ಬಣ್ಣ ಬದಲಾಗುವ ಪ್ರತಿ ಜಾಗದಲ್ಲೂ ಹೊಕ್ಕಿನ ನೂಲನ್ನು ಬೆರಳಿನಿಂದಲೇ ತೂರಿಸಿ, ಮರದ ಬಾಚಣಿಗೆಯಿಂದ ಬಡಿದು ಕೂರಿಸಬೇಕು. ಹಾಸು ಕಾಣದಷ್ಟು ಒತ್ತಾಗಿ ಬಡಿಯುತ್ತಾರೆ. ಕಾಗದದ ಮೇಲೆ ನಕ್ಷೆ ಬರೆದುಕೊಳ್ಳದೆ ತಲೆಯಲ್ಲಿಟ್ಟುಕೊಂಡೇ ನೇಯುವವರು ಬಹಳ. ಕುರಿ ಸಾಕಿ, ಉಣ್ಣೆ ಕತ್ತರಿಸಿ, ತೊಳೆದು, ಹಿಂಜಿ, ತಕಲಿಯಲ್ಲಿ ನೂತು, ಗಿಡಮೂಲಿಕೆಯಲ್ಲಿ ಬಣ್ಣ ಹಾಕಿದರೆ ಮಗ್ಗಕ್ಕೆ ಕೂರುವ ಮೊದಲೇ ತಿಂಗಳುಗಳು ಕಳೆದಿರುತ್ತವೆ.

ಆ ಕುರಿಗಳದೂ ಒಂದು ಕಥೆ. ಸ್ಪೇನಿನವರು ತಂದ ಚುರ್ರೊ ತಳಿಯನ್ನು ನವಾಹೊಗಳು ತಮ್ಮದಾಗಿಸಿಕೊಂಡರು. 1864ರಲ್ಲಿ ಅಮೆರಿಕದ ಸೇನೆ ಅವರ ಬೆಳೆ ಸುಟ್ಟು, ಹಿಂಡು ಕೊಂದು, ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಾಸ್ಕ್ ರೆಡಾಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ಅವರು ತಮ್ಮ ನೆಲಕ್ಕೆ ಮರಳಿ ಮತ್ತೆ ಹಿಂಡು ಕಟ್ಟಿದರು. 1930ರ ದಶಕದಲ್ಲಿ ಮೇವು ಸಾಲದು, ಮಣ್ಣು ಕೊಚ್ಚಿಹೋಗುತ್ತಿದೆ ಎಂಬ ಕಾರಣ ಕೊಟ್ಟು ಸರ್ಕಾರ ಇನ್ನೊಮ್ಮೆ ಕುರಿಗಳನ್ನು ಕಡಿತಗೊಳಿಸಿತು. ಚುರ್ರೊ ತಳಿ ಅಳಿವಿನಂಚಿಗೆ ಹೋಗಿ, 1970ರ ದಶಕದಿಂದ ಈಚೆಗೆ ಪ್ರಯಾಸದಿಂದ ಚೇತರಿಸಿಕೊಂಡಿದೆ. ಮಳಿಗೆಯಲ್ಲಿ ಯಾರಾದರೂ ‘ಇದು ನಮ್ಮ ಚುರ್ರೊ ಉಣ್ಣೆ’ ಎಂದರೆ ಒಂದು ನಿಮಿಷ ನಿಂತು ಕೇಳಿ.

ಶೈಲಿಗಳಿಗೆ ಊರುಗಳ ಹೆಸರಿವೆ. ಬಣ್ಣ ಹಾಕದ ಕಂದು, ಬೂದು, ಕಪ್ಪು, ಬಿಳಿ ಉಣ್ಣೆಯ ನುಣುಪು ನೇಯ್ಗೆ ಟೂ ಗ್ರೇ ಹಿಲ್ಸ್. ದಟ್ಟ ಕೆಂಪಿನದು ಗನಾಡೊ. ಅಂಚಿನೊಳಗೆ ಬಳ್ಳಿಬಳ್ಳಿಯಾಗಿ ತುಂಬಿದ್ದು ಟೀಕ್ ನಾಸ್ ಪಾಸ್. ಅಂಚುಪಟ್ಟಿಯನ್ನು ಸೀಳಿಕೊಂಡು ಮೂಲೆಗೆ ಹೋಗುವ ಒಂದು ತೆಳುಗೆರೆ ಕೆಲವು ಕಂಬಳಿಗಳಲ್ಲಿ ಕಾಣುತ್ತದೆ. ನೇಯ್ದವಳ ಮನಸ್ಸು ಅದರೊಳಗೇ ಸಿಕ್ಕಿಕೊಳ್ಳದೆ ಹೊರಬರಲೆಂದು ಬಿಟ್ಟ ದಾರಿ ಅದು. ದೋಷವೆಂದು ತಿಳಿದು ಬೆಲೆ ಇಳಿಸಲು ಕೇಳಬೇಡಿ.

ಕಂಬಳಿ ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?

ಈ ಸಂತೆಯೊಳಗೆ ಆ ಚಿಂತೆ ಬೇಡ. ಆದರೆ ಹೆದ್ದಾರಿ ಬದಿಯ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಬೇಕು. ನವಾಹೊ ಕಂಬಳಿಯ ಹಾಸು ಒಂದೇ ಉದ್ದನೆಯ ನೂಲು, ಮೇಲೆ ಕೆಳಗೆ ಸುತ್ತಿ ಬಂದದ್ದು. ಹಾಗಾಗಿ ಬಹುತೇಕ ಕಂಬಳಿಗಳಿಗೆ ತುದಿಯಲ್ಲಿ ಕುಚ್ಚು ಇರುವುದಿಲ್ಲ, ನಾಲ್ಕೂ ಅಂಚು ಮುಚ್ಚಿಕೊಂಡಿರುತ್ತವೆ. ಇದೇ ನಕ್ಷೆಗಳನ್ನು ಅನುಕರಿಸಿ ಮೆಕ್ಸಿಕೊದಲ್ಲಿ ನೇಯ್ದ ಕಂಬಳಿಗಳಲ್ಲಿ ಕತ್ತರಿಸಿದ ಹಾಸಿನ ತುದಿಗಳು ಕುಚ್ಚಾಗಿಯೋ ಒಳಗೆ ಮಡಚಿಯೋ ಇರುತ್ತವೆ. ಆ ನೇಯ್ಗೆಯೂ ಒಳ್ಳೆಯದೇ, ನವಾಹೊ ಎಂದು ಮಾರುವುದು ಮೋಸ. ನೇಯ್ಗೆಯ ಮೈಮೇಲೆ ಓರೆಯಾಗಿ ಹೋಗುವ ಮಸುಕು ಗೆರೆ ಕಂಡರೆ ಒಳ್ಳೆಯ ಲಕ್ಷಣ. ಅಗಲದ ಕಂಬಳಿಯನ್ನು ಭಾಗ ಭಾಗವಾಗಿ ನೇಯ್ದುಕೊಂಡು ಹೋದಾಗ ಬರುವ ಗುರುತು ಅದು.

ಬೆಳ್ಳಿ ಮತ್ತು ಟರ್ಕಾಯ್ಸ್ ಒಡವೆ ಕೊಳ್ಳುವಾಗ ಏನು ಕೇಳಬೇಕು?

ಮೊದಲು ಟರ್ಕಾಯ್ಸ್ ಎಂಬ ನೀಲಿ-ಹಸಿರು ಕಲ್ಲಿನ ಬಗ್ಗೆ ಕೇಳಿ. ಗಣಿಯಿಂದ ಬಂದ ಹಾಗೇ ಕತ್ತರಿಸಿ ಹೊಳಪು ಕೊಟ್ಟದ್ದು ಸಹಜ ಕಲ್ಲು. ಮೆತ್ತಗಿನ ಕಲ್ಲಿಗೆ ರಾಳ ಕುಡಿಸಿ ಗಟ್ಟಿ ಮಾಡಿದ್ದಕ್ಕೆ ಸ್ಟೆಬಿಲೈಸ್ಡ್ ಎನ್ನುತ್ತಾರೆ. ಬಹುಪಾಲು ಒಡವೆಗಳಲ್ಲಿ ಇರುವುದು ಇದೇ, ಅದರಲ್ಲಿ ತಪ್ಪೇನೂ ಇಲ್ಲ, ಬೆಲೆ ಅದಕ್ಕೆ ತಕ್ಕಂತೆ ಇರಬೇಕು ಅಷ್ಟೇ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಅಚ್ಚು ಹಾಕಿದ್ದು, ಕಲ್ಲೇ ಇಲ್ಲದ ಪ್ಲಾಸ್ಟಿಕ್ ಕೂಡ ಹೊರಗಿನ ಮಾರುಕಟ್ಟೆಯಲ್ಲಿವೆ. ಯಾವ ಗಣಿಯದು ಎಂದು ಕೇಳಿದರೆ ಕಲಾವಿದರ ಮುಖ ಅರಳುತ್ತದೆ. ಕಿಂಗ್‌ಮನ್, ಬಿಸ್ಬಿ, ಮೊರೆನ್ಸಿ ಎಲ್ಲ ಅರಿಜೋನಾದವೇ. ಗ್ಲೋಬ್ ಊರಿನ ಬಳಿಯ ಸ್ಲೀಪಿಂಗ್ ಬ್ಯೂಟಿ ಗಣಿಯ ಕಲೆಯಿಲ್ಲದ ಆಕಾಶನೀಲಿ ಕಲ್ಲಿಗೆ ಬೆಲೆ ಏರಿದ್ದು 2012ರಲ್ಲಿ ಅಲ್ಲಿ ಟರ್ಕಾಯ್ಸ್ ತೆಗೆಯುವುದು ನಿಂತ ಮೇಲೆ.

ಕೆಲಸದ ರೀತಿಯೂ ಜನಾಂಗಕ್ಕೊಂದು. ದಪ್ಪ ಬೆಳ್ಳಿಯಲ್ಲಿ ದೊಡ್ಡ ಕಲ್ಲು ಕೂರಿಸುವುದು, ಅಚ್ಚಿನಿಂದ ಗುರುತು ಒತ್ತುವುದು ನವಾಹೊ ಕೈ. ಸೂಜಿಯಷ್ಟು ಸಣ್ಣ ಕಲ್ಲುಗಳನ್ನು ಸಾಲು ಹಿಡಿಸುವುದು, ಬಣ್ಣಬಣ್ಣದ ಚಿಪ್ಪು ಕಲ್ಲುಗಳನ್ನು ಸಂದಿಲ್ಲದಂತೆ ಕೆತ್ತಿ ಕೂರಿಸುವುದು ಝೂನಿ. ಚಿಪ್ಪನ್ನು ತೂತು ಕೊರೆದು, ಉಜ್ಜಿ ಉಜ್ಜಿ ದಾರದಷ್ಟು ತೆಳುವಾದ ಮಣಿ ಮಾಡುವುದು ಕೇವಾ ಊರಿನವರ ವಿದ್ಯೆ. ಹೋಪಿಗಳದ್ದು ಎರಡು ಬೆಳ್ಳಿ ತಗಡಿನ ಕೆಲಸ. ಮೇಲಿನ ತಗಡಿನಲ್ಲಿ ಚಿತ್ತಾರವನ್ನು ಗರಗಸದಿಂದ ಕೊರೆದು ತೆಗೆದು ಕೆಳಗಿನದಕ್ಕೆ ಬೆಸೆದು, ತಳವನ್ನು ಕಪ್ಪಾಗಿಸುತ್ತಾರೆ. ಬೀದರಿನ ಬಿದರಿ ಕೆಲಸ ಕಂಡವರಿಗೆ ಆ ಕಪ್ಪು ಬಿಳುಪಿನ ಆಟ ಕೂಡಲೇ ಹಿಡಿಸುತ್ತದೆ, ದಾರಿ ಮಾತ್ರ ತಿರುವುಮುರುವು. ಬಿದರಿಯಲ್ಲಿ ಸತು ಹೆಚ್ಚಿರುವ ಲೋಹಕ್ಕೆ ಬೆಳ್ಳಿಯನ್ನು ಬಡಿದು ಕೂರಿಸಿ ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ, ಇಲ್ಲಿ ಬೆಳ್ಳಿಯ ಮೇಲೆ ಬೆಳ್ಳಿಯೇ. ಹೋಪಿಗಳ ಈ ಶೈಲಿ ತುಂಬ ಪ್ರಾಚೀನವೆಂದು ಹಲವರು ಭಾವಿಸುತ್ತಾರೆ. ಅದು ಹರಡಿದ್ದು ಎರಡನೇ ಮಹಾಯುದ್ಧದ ನಂತರ. ಫ್ಲಾಗ್‌ಸ್ಟಾಫ್ ಮ್ಯೂಸಿಯಂ ಮೊದಲು ಕೊಟ್ಟ ಪ್ರೋತ್ಸಾಹದ ಮೇಲೆ ಫ್ರೆಡ್ ಕಬೋಟಿ ಮತ್ತು ಪಾಲ್ ಸೌಫ್ಕಿ ಯುದ್ಧದಿಂದ ಮರಳಿದ ಹೋಪಿ ಸೈನಿಕರಿಗೆ ಇದನ್ನು ಕಲಿಸಿದರು.

ಮಡಕೆಗಳಲ್ಲಿ ಅಡುಗೆ ಮಾಡಬಹುದೇ? ನೀರು ಇಡಬಹುದೇ?

ಸಾಮಾನ್ಯವಾಗಿ ಬೇಡ. ಪ್ವೆಬ್ಲೊ ಎಂದು ಕರೆಯುವ ಮೂಲನಿವಾಸಿ ಊರುಗಳ ಈ ಮಡಕೆಗಳಿಗೆ ತಿಗರಿ ಇಲ್ಲ. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ, ಕೈಯಿಂದ ತೆಳುವಾಗಿಸಿ, ನುಣುಪು ಕಲ್ಲಿನಿಂದ ಉಜ್ಜಿ, ಬಯಲಲ್ಲಿ ಸಗಣಿ ಇಲ್ಲವೇ ಸೌದೆ ಒಟ್ಟಿ ಸುಡುತ್ತಾರೆ. ಆ ಬೆಂಕಿಯ ಶಾಖ ಕಾರ್ಖಾನೆಯ ಒಲೆಯಷ್ಟು ಏರುವುದಿಲ್ಲ, ಹೀಗಾಗಿ ನೀರು ಜಿನುಗಿ ಬಣ್ಣ ಎದ್ದುಬರುತ್ತದೆ. ಟಾವೋಸ್, ಪಿಕುರಿಸ್ ಕಡೆಯ ಅಭ್ರಕ ಬೆರೆತ ಮಣ್ಣಿನ ಪಾತ್ರೆಗಳಲ್ಲಿ ಮಾತ್ರ ಹುರುಳಿಕಾಯಿ ಬೀಜ ಬೇಯಿಸುವ ರೂಢಿ ಇದೆ. ಕೊಳ್ಳುವಾಗ ಮಾಡಿದವರನ್ನೇ ಕೇಳಿ.

ಕಪ್ಪು ಮೇಲೆ ಕಪ್ಪು ಚಿತ್ತಾರದ ಹೊಳೆಯುವ ಮಡಕೆ ಕಂಡರೆ ಸಾನ್ ಇಲ್ಡೆಫಾನ್ಸೊ ಊರಿನ ಮರಿಯಾ ಮಾರ್ಟಿನೆಜ್ ಅವರನ್ನು ನೆನೆಯಬೇಕು. ಕೆಂಪು ಮಣ್ಣಿನ ಮಡಕೆ ಉರಿಯುತ್ತಿರುವಾಗಲೇ ಮೇಲೆ ಪುಡಿ ಸಗಣಿ ಸುರಿದು ಬೆಂಕಿಯ ಉಸಿರು ಕಟ್ಟಿದರೆ ಮಣ್ಣು ಕಪ್ಪಾಗುತ್ತದೆ. ಹೊಳಪಿನ ಮೈಮೇಲೆ ಹೊಳಪಿಲ್ಲದ ಚಿತ್ತಾರ ಮೂಡಿಸುವ ಬಗೆಯನ್ನು ಅವರು ಮತ್ತು ಪತಿ ಜೂಲಿಯನ್ ಸುಮಾರು 1919ರಲ್ಲಿ ಕಂಡುಕೊಂಡರು. ಹೋಪಿ ಕಡೆಯ ನಂಪೆಯೊ ಅದಕ್ಕೂ ಮೊದಲೇ ಪಾಳುಬಿದ್ದ ಸಿಕ್ಯಾಟ್ಕಿ ಊರಿನ ಹಳೆಯ ಮಡಕೆಚೂರುಗಳಿಂದ ಸ್ಫೂರ್ತಿ ಪಡೆದು ತಮ್ಮ ಶೈಲಿ ಕಟ್ಟಿದ್ದರು. ಇಬ್ಬರ ಮನೆತನದವರೂ ಮುಂದೆ ತಲೆಮಾರುಗಳವರೆಗೆ ಮಣ್ಣಿನ ಕೆಲಸ ಬಿಡಲಿಲ್ಲ.

ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವವು ಎಷ್ಟೋ ಸಲ ಅಚ್ಚಿನಲ್ಲಿ ಎರಕ ಹೊಯ್ದು ಮೇಲೆ ಬಣ್ಣ ಹಚ್ಚಿದವು. ಒಳಗೆ ಬೆರಳಾಡಿಸಿ ನೋಡಿ. ಕೈಯಲ್ಲಿ ಕಟ್ಟಿದ್ದಾದರೆ ಸಣ್ಣ ಏರಿಳಿತ ಇದ್ದೇ ಇರುತ್ತದೆ. ಎತ್ತುವ ಮೊದಲು ಅನುಮತಿ ಕೇಳಿ, ಕಂಠ ಹಿಡಿದು ಎತ್ತಬೇಡಿ, ಎರಡೂ ಕೈಯಿಂದ ತಳ ಹಿಡಿಯಿರಿ, ಉಂಗುರ ಬಳೆ ತಗಲದಂತೆ ನೋಡಿಕೊಳ್ಳಿ.

ಬಣ್ಣದ ಮರದ ಗೊಂಬೆಗಳು ಮಕ್ಕಳಿಗೆ ಆಡಲು ಚೆನ್ನಾಗಿವೆಯಲ್ಲ?

ಅವು ಆಟಿಕೆಗಳಲ್ಲ. ಹೋಪಿಗಳ ನಂಬಿಕೆಯಲ್ಲಿ ಕತ್ಸಿನಗಳು ದೈವಶಕ್ತಿಗಳು. ಚಳಿಗಾಲದ ನಡುವಿನಿಂದ ಜುಲೈವರೆಗೆ ಅವರ ನಡುವೆ ಇದ್ದು, ಮಳೆಗೂ ಬೆಳೆಗೂ ಒದಗಿ, ಬಳಿಕ ಫ್ಲಾಗ್‌ಸ್ಟಾಫ್ ಬಳಿಯ ಸಾನ್ ಫ್ರಾನ್ಸಿಸ್ಕೊ ಶಿಖರಗಳಿಗೆ ಮರಳುತ್ತವೆ. ಆ ರೂಪಗಳನ್ನು ಕೆತ್ತಿ ಹೆಣ್ಣುಮಕ್ಕಳಿಗೆ ಕೊಡುತ್ತಾರೆ, ಮಕ್ಕಳು ಅದನ್ನು ನೋಡುತ್ತ ಒಂದೊಂದು ಕತ್ಸಿನವನ್ನೂ ಗುರುತಿಸಲು ಕಲಿಯುತ್ತಾರೆ. ಕೆತ್ತುವುದು ಕಾಟನ್‌ವುಡ್ ಮರದ ಒಣಬೇರಿನಲ್ಲಿ. ನೀರು ಹುಡುಕಿಕೊಂಡು ಹೋಗುವ ಬೇರು, ಮರಳುನಾಡಿನ ಜನರ ಪ್ರಾರ್ಥನೆಗೆ ತಕ್ಕದ್ದೇ. ಕೊಂಡರೆ ಗೋಡೆಯ ಮೇಲೋ ಕಪಾಟಿನಲ್ಲೋ ಗೌರವದಿಂದ ಇಡಿ. ಕೆಲವು ರೂಪಗಳ ಬಗ್ಗೆ ಕೆತ್ತಿದವರು ವಿವರ ಹೇಳದೆ ಸುಮ್ಮನಾಗಬಹುದು. ಹೊರಗಿನವರಿಗೆ ಹೇಳಬಾರದ್ದು ಅವರಲ್ಲಿದೆ, ಒತ್ತಾಯಿಸಬೇಡಿ. ಮ್ಯೂಸಿಯಂ ಒಳಗೆ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 1964ರಲ್ಲಿ ಕೊಟ್ಟ 437 ಕೆತ್ತನೆಗಳ ಸಂಗ್ರಹದಿಂದ ಆಯ್ದವು ಇವೆ. ಹಳೆಯವು ಸರಳ, ನೇರ ನಿಂತ ಭಂಗಿ. ಈಗಿನವು ನರ್ತಿಸುತ್ತವೆ. ಎರಡನ್ನೂ ಒಂದೇ ದಿನ ನೋಡುವ ಅವಕಾಶ ಬೇರೆಡೆ ಸಿಗುವುದು ಕಷ್ಟ.

ಚೌಕಾಸಿ ಮಾಡಬಹುದೇ?

ಬೇಡವೆಂದೇ ನನ್ನ ಮಾತು. ಗಾಂಧಿ ಬಜಾರಿನ ಅಭ್ಯಾಸ ಇಲ್ಲಿ ಎಳೆದು ತರಬೇಡಿ. ಎದುರಿಗಿರುವವರು ದಲ್ಲಾಳಿಯಲ್ಲ, ಮಾಡಿದವರು. ಬೆಲೆ ಹೇಳುವಾಗ ಅವರು ಬೆಳ್ಳಿಯ ದರ, ಕಲ್ಲಿನ ದರ, ಮೀಸಲು ನೆಲದಿಂದ ಇಲ್ಲಿಗೆ ನಾಲ್ಕೈದು ಗಂಟೆ ಗಾಡಿ ಓಡಿಸಿಕೊಂಡು ಬಂದ ಖರ್ಚು, ಮಳಿಗೆಯ ಶುಲ್ಕ ಎಲ್ಲ ಲೆಕ್ಕ ಹಾಕಿರುತ್ತಾರೆ. ಅರ್ಧಕ್ಕೆ ಕೊಡಿ ಎಂದರೆ ನಿಮ್ಮ ಕೆಲಸಕ್ಕೆ ಅರ್ಧ ಬೆಲೆ ಎಂದಂತೆ. ಎರಡು ಮೂರು ವಸ್ತು ಒಟ್ಟಿಗೆ ಕೊಂಡಾಗ ಅವರೇ ಸ್ವಲ್ಪ ಬಿಡುವುದುಂಟು. ಕೈಯಲ್ಲಿ ಹಣ ಕಡಿಮೆ ಇದ್ದರೆ ನಾಚಿಕೆ ಬೇಡ, ಸಣ್ಣ ಕಿವಿಯೋಲೆ, ಮುದ್ರಿತ ಚಿತ್ರ, ಪುಟ್ಟ ಬುಟ್ಟಿ ಎಲ್ಲಕ್ಕೂ ಜಾಗವಿದೆ. ಏನೂ ಕೊಳ್ಳದೆ ಹತ್ತು ನಿಮಿಷ ಮನಸ್ಸಿಟ್ಟು ಮಾತಾಡಿಸಿ ಬಂದರೂ ಸರಿಯೇ, ಜನಜಂಗುಳಿ ಇರುವಾಗ ಕೊಳ್ಳುವವರಿಗೆ ದಾರಿ ಬಿಡಿ ಅಷ್ಟೇ. ಕೊಂಡಾಗ ಮಾಡಿದವರ ಹೆಸರು, ಜನಾಂಗ, ವಸ್ತುವಿನ ವಿವರ ಬರೆದ ರಸೀದಿ ಕೇಳಿ ಪಡೆಯಿರಿ.

ಫೋಟೋ ತೆಗೆಯಬಹುದೇ?

ಸಂತೆಯ ನೋಟವನ್ನು ತೆಗೆಯಬಹುದು. ವ್ಯಕ್ತಿಯದ್ದಾಗಲಿ ಅವರ ಕೆಲಸದ್ದಾಗಲಿ ಹತ್ತಿರದ ಚಿತ್ರ ಬೇಕಾದರೆ ಕೇಳಿ. ವಿನ್ಯಾಸಗಳನ್ನು ಕದ್ದು ಕಾರ್ಖಾನೆಯಲ್ಲಿ ಅಚ್ಚು ಹಾಕಿಸುವವರ ಕಾಟ ಅವರಿಗೆ ಸಾಕಷ್ಟಾಗಿದೆ. ಮುಂದೆ ಹೋಪಿ ಊರುಗಳನ್ನೂ ನೋಡಲು ಹೋಗುವುದಾದರೆ ಅಲ್ಲಿ ಕ್ಯಾಮೆರಾ, ಫೋನು ಹೊರತೆಗೆಯುವಂತೆಯೇ ಇಲ್ಲ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕೇಳಿ ತಿನ್ನಬೇಕು. ಎಲ್ಲರೂ ಸಾಲು ನಿಲ್ಲುವುದು ಫ್ರೈ ಬ್ರೆಡ್‌ಗೆ. ಮೈದಾ ಹಿಟ್ಟನ್ನು ತಟ್ಟಿ ಕರಿದದ್ದು, ನಮ್ಮವರು ಮೊದಲ ತುತ್ತಿಗೇ ಭಟೂರ ಎನ್ನುತ್ತಾರೆ. ಕೆಲವರು ಹಂದಿಕೊಬ್ಬಿನಲ್ಲಿ ಕರಿಯುತ್ತಾರೆ, ಮೇಲೆ ಹಾಕುವ ಬೀನ್ಸ್‌ನಲ್ಲಿ ಮಾಂಸ ಬೆರೆತಿರಬಹುದು. ಎಣ್ಣೆ ಯಾವುದೆಂದು ಕೇಳಿ, ಜೇನುತುಪ್ಪ ಹಾಕಿಸಿಕೊಂಡರೆ ಕ್ಷೇಮ. ಇದನ್ನು ಹಬ್ಬದ ತಿನಿಸೆಂದು ಸವಿಯುವಾಗಲೂ ಅದರ ಹುಟ್ಟು ಗೊತ್ತಿರಲಿ. ಬಾಸ್ಕ್ ರೆಡಾಂಡೊ ಸೆರೆಯಲ್ಲಿದ್ದಾಗ ಜೋಳವಿಲ್ಲದೆ, ಸರ್ಕಾರ ಅಳೆದು ಕೊಟ್ಟ ಮೈದಾ ಮತ್ತು ಕೊಬ್ಬಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೆಂಗಸರು ಮಾಡಿಕೊಂಡದ್ದು ಇದು ಎನ್ನುತ್ತಾರೆ ನವಾಹೊ ಹಿರಿಯರು.

ಪಿಕಿ ಎಂಬ ತೆಳುರೊಟ್ಟಿ ಮಾಡುವುದನ್ನು ತೋರಿಸುತ್ತಿದ್ದರೆ ತಪ್ಪಿಸಬೇಡಿ. ನೀಲಿ ಮುಸುಕಿನ ಜೋಳದ ಹಿಟ್ಟಿಗೆ ಬೂದಿ ನೀರು ಬೆರೆಸಿ, ಕಾದ ಕಲ್ಲಿನ ಮೇಲೆ ಹೋಪಿ ಹೆಣ್ಣುಮಗಳು ಬರಿಗೈಯಲ್ಲೇ ಸವರುತ್ತಾಳೆ, ಕಾಗದದಷ್ಟು ತೆಳ್ಳಗೆ ಎದ್ದು ಬರುತ್ತದೆ.

ವಯಸ್ಸಾದವರಿಗೆ, ಮಕ್ಕಳಿಗೆ ಕಷ್ಟವಾಗುತ್ತದೆಯೇ?

ಮಾರ್ಚ್ ಮೊದಲ ವಾರ ಫೀನಿಕ್ಸ್‌ನಲ್ಲಿ ಹಗಲು ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿ ತೇವವಿಲ್ಲದ್ದರಿಂದ ಬಾಯಾರಿದ್ದು ತಿಳಿಯುವುದಿಲ್ಲ, ನೀರಿನ ಬಾಟಲಿ, ಟೋಪಿ ಬೇಕೇ ಬೇಕು. ನೆಲ ಮಟ್ಟಸವಾಗಿದೆ, ಗಾಲಿಕುರ್ಚಿ ಓಡಾಡುತ್ತದೆ. ಹಿರಿಯರನ್ನು ಬೆಳಿಗ್ಗೆಯೇ ಕರೆತನ್ನಿ, ಮಧ್ಯಾಹ್ನ ಮ್ಯೂಸಿಯಂ ಒಳಗಿನ ತಂಪಿನಲ್ಲಿ ಕೂರಿಸಿ. ಕುಣಿತ ಮತ್ತು ಸಂಗೀತ ಎರಡೂ ದಿನ ಇರುವುದರಿಂದ ಮಕ್ಕಳಿಗೆ ಬೇಸರವಾಗದು. ಮಳೆ ಬಂದರೂ ಸಂತೆ ನಡೆಯುತ್ತದೆ.

ಹೋಗುವುದು ಹೇಗೆ?

ಲಘು ರೈಲು ಹಿಡಿಯಿರಿ. ಎನ್‌ಕ್ಯಾಂಟೊ ನಿಲ್ದಾಣದಲ್ಲಿ ಇಳಿದರೆ ಮ್ಯೂಸಿಯಂ ಅಲ್ಲೇ. ಟೆಂಪಿ, ಮೇಸಾ ಕಡೆಯಿಂದ ಬರುವವರು ಫೀನಿಕ್ಸ್ ಡೌನ್‌ಟೌನ್‌ನಲ್ಲಿ ಗಾಡಿ ಬದಲಿಸಬೇಕು. ಕಾರು ತಂದರೆ ಪಾರ್ಕಿಂಗ್ ಹುಡುಕುವುದರಲ್ಲೇ ಅರ್ಧ ಬೆಳಿಗ್ಗೆ ಕಳೆಯುತ್ತದೆ.

ಸಂತೆಗೆ ಬಂದವರು ಮ್ಯೂಸಿಯಂ ಒಳಗೂ ಹೋಗಬೇಕೇ?

ಹೋಗಲೇಬೇಕು. ಎಲ್ಲಕ್ಕಿಂತ ಮೊದಲು ವಸತಿ ಶಾಲೆಗಳ ಪ್ರದರ್ಶನ ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಸರ್ಕಾರ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಒಯ್ದು ಇಂಥ ಶಾಲೆಗಳಲ್ಲಿ ಇರಿಸಿತು. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿ ಆಡಿದರೆ ಶಿಕ್ಷಿಸಿದರು. ಫೀನಿಕ್ಸ್ ಇಂಡಿಯನ್ ಸ್ಕೂಲ್ 1891ರಲ್ಲಿ ಶುರುವಾಗಿ 1990ರಲ್ಲಿ ಮುಚ್ಚಿತು. ಅದರ ಜಾಗದಲ್ಲಿ ಈಗ ಉದ್ಯಾನವಿದೆ, ಮ್ಯೂಸಿಯಂನಿಂದ ಅದೇ ರಸ್ತೆಯಲ್ಲಿ ಉತ್ತರಕ್ಕೆ ಕೆಲವೇ ಕಿಲೋಮೀಟರ್. ಮನೆಯಲ್ಲಿ ಮಕ್ಕಳು ಕನ್ನಡ ಮಾತಾಡಲಿ ಎಂದು ಹಂಬಲಿಸುವ ನಮಗೆ, ಬೇರೊಬ್ಬರ ಮಕ್ಕಳ ಬಾಯಿಂದ ಭಾಷೆಯನ್ನು ಬಲವಂತವಾಗಿ ಕಿತ್ತ ಕಥೆ ನೇರ ಎದೆಗೆ ತಾಗುತ್ತದೆ. ಅದನ್ನು ನೋಡಿ ಹೊರಬಂದ ಮೇಲೆ ಡೇರೆಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗನಿಗೆ ತನ್ನ ಭಾಷೆಯಲ್ಲೇ ಏನೋ ಹೇಳುತ್ತ ಬೆಳ್ಳಿ ಒರೆಸುವುದನ್ನು ಕಂಡಾಗ ಅದರ ತೂಕವೇ ಬೇರೆ.

ಈ ನೆಲದ ಕುಶಲಕಲೆಗೂ ನಮಗೂ ಏನಾದರೂ ನಂಟಿದೆಯೇ?

ನೇರ ನಂಟಿಲ್ಲ. ಆದರೆ ಕುಶಲಕರ್ಮಿ ಮತ್ತು ಕೊಳ್ಳುವವರ ನಡುವಿನ ದಲ್ಲಾಳಿಯನ್ನು ಸರಿಸಬೇಕೆಂಬ ಇದೇ ಯೋಚನೆಗೆ ನಮ್ಮ ದೇಶದಲ್ಲಿ ಬಲ ತಂದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಅವರು ಮುನ್ನಡೆಸಿದರು. ಡೇರೆಗಳ ನಡುವೆ ನಡೆಯುವಾಗ ಅವರ ನೆನಪು ನನಗೆ ತಾನಾಗಿ ಬರುತ್ತದೆ.

ಕೊಂಡದ್ದನ್ನು ಊರಿಗೆ ಒಯ್ಯಬಹುದೇ?

ಹೆಚ್ಚಿನದನ್ನು ಒಯ್ಯಬಹುದು. ಗರಿಗಳಿರುವ ವಸ್ತುಗಳ ಬಗ್ಗೆ ಮಾತ್ರ ಎಚ್ಚರ. ಹದ್ದಿನ ಗರಿಗಳನ್ನು ಕೊಳ್ಳುವುದು, ಮಾರುವುದು ಅಮೆರಿಕದ ಕಾನೂನಿನಲ್ಲಿ ನಿಷಿದ್ಧ, ವಲಸೆ ಹಕ್ಕಿಗಳ ಗರಿಗೂ ನಿರ್ಬಂಧವಿದೆ. ಯಾವ ಗರಿ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಿ. ಮಡಕೆಯನ್ನು ಕೈಚೀಲದಲ್ಲೇ ಒಯ್ಯಿರಿ, ಒಳಗೆ ಕಾಗದ ಗಿಡಿಯಬೇಡಿ, ಹೊರಗೆ ಮೆತ್ತೆ ಸುತ್ತಿದರೆ ಸಾಕು. ಕಂಬಳಿಯನ್ನು ಮಡಚದೆ ಸುರುಳಿ ಸುತ್ತಿ. ಕರಾವಳಿ, ಮಲೆನಾಡಿನ ಮನೆಗಾದರೆ ಮಳೆಗಾಲದಲ್ಲಿ ಉಣ್ಣೆಗೆ ನುಸಿ, ಬೂಸಲು ಬರುತ್ತದೆ, ಆಗಾಗ ತೆಗೆದು ಕೊಡವಿ ನೆರಳಿನಲ್ಲಿ ಗಾಳಿಗೆ ಹರಡಿ. ಬೆಳ್ಳಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಬೇಡಿ. ಟರ್ಕಾಯ್ಸ್ ಹುಳಿ ಹೀರಿ ಕೆಡುತ್ತದೆ, ಹೋಪಿ ಒಡವೆಯ ಕಪ್ಪು ಹೊರಟುಹೋಗುತ್ತದೆ. ಮೆತ್ತನೆ ಒಣಬಟ್ಟೆ ಸಾಕು.

ಮಾರ್ಚ್ ತಪ್ಪಿಹೋದರೆ?

ಫೆಬ್ರವರಿಯಲ್ಲಿ ಬಂದರೆ ಇದೇ ಅಂಗಳದಲ್ಲಿ 1991ರಿಂದ ನಡೆದುಬಂದಿರುವ ವಿಶ್ವ ಹೂಪ್ ಕುಣಿತದ ಸ್ಪರ್ಧೆ ನೋಡಬಹುದು. ಬಳೆಗಳನ್ನು ಒಂದರೊಳಗೊಂದು ಹೆಣೆಯುತ್ತ ಹದ್ದು, ಚಿಟ್ಟೆ, ಭೂಗೋಳದ ಆಕಾರ ಕಟ್ಟುವ ನರ್ತಕರಲ್ಲಿ ನಡೆಯಲು ಕಲಿತಷ್ಟೇ ವಯಸ್ಸಿನ ಮಕ್ಕಳೂ ಇರುತ್ತಾರೆ. ಆಗಸ್ಟ್‌ನಲ್ಲಿ ಬಂದರೆ ಸಾಂತಾ ಫೆ. ಉಳಿದ ತಿಂಗಳುಗಳಲ್ಲಿ ಮ್ಯೂಸಿಯಂನ ಅಂಗಡಿ ತೆರೆದಿರುತ್ತದೆ, ಅಲ್ಲಿಯೂ ಕಲಾವಿದರಿಂದ ನೇರ ಕೊಂಡು ತಂದ ಕೆಲಸಗಳೇ ಇರುವುದು, ಮಾಡಿದವರ ಹೆಸರು ಸಮೇತ.